ಮೂಗು ಬಿಡಿಸಲು ಹೋಗಿ ಮೂತ್ರ ಕಟ್ಟಿತು: ಪ್ರಾಸ್ಟೇಟ್ ಮಾತ್ರೆಯ ಒಂದು ಪ್ರಕರಣ

ಮಂಡ್ಯದ ಪೇಟೆ ಬೀದಿಯಿಂದ ಸ್ವಲ್ಪ ಒಳಗೆ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. 22 ವರ್ಷದಿಂದ ಅದೇ ಕೌಂಟರ್ ಹಿಂದೆ ನಿಂತಿದ್ದೇನೆ. ನಾನು ಡಾಕ್ಟರಲ್ಲ, ಫಾರ್ಮಸಿಸ್ಟ್. ಈಗ ಬರೆಯುತ್ತಿರುವ ಪ್ರಕರಣದಲ್ಲಿ ನನ್ನ ಅಂಗಡಿಯ ತಪ್ಪೂ ಇದೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ರೋಗಿಯನ್ನು ಗೌಡರು ಅಂತ ಕರೆಯುತ್ತೇನೆ. ಮಂಡ್ಯದಲ್ಲಿ ಬರೀ ಗೌಡರು ಅಂದರೆ ಯಾರು ಅಂತ ಯಾರಿಗೂ ಗೊತ್ತಾಗಲ್ಲ, ಆ ಧೈರ್ಯ ನನಗಿದೆ.

ಗೌಡರಿಗೆ 63 ವರ್ಷ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೆಳಗೆ ಎರಡೂವರೆ ಎಕರೆ ಗದ್ದೆ, ಹೆಚ್ಚಿನದು ಕಬ್ಬು. ಮೇಲೆ ಖುಷ್ಕಿಯಲ್ಲಿ ಒಂದಿಷ್ಟು ರಾಗಿ. ಬಿ.ಪಿ.ಗೆ ಏಳು ವರ್ಷದಿಂದ ಎರಡು ಮಾತ್ರೆ ನುಂಗುತ್ತಾರೆ: ಟೆಲ್ಮಿಸಾರ್ಟಾನ್ 40, ಆಮ್ಲೋಡಿಪಿನ್ 5. ಸಕ್ಕರೆ ಕಾಯಿಲೆ ಇಲ್ಲ. ಬೀಡಿ ಬಿಟ್ಟು ಹತ್ತು ವರ್ಷವಾಯಿತು.

ತೊಂದರೆ ಶುರುವಾಗಿದ್ದು ಎರಡು ವರ್ಷದ ಹಿಂದೆ. ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳಬೇಕು. ಹೋದರೆ ನಿಂತು ಕಾಯಬೇಕು. ಬಂದರೂ ಸಣ್ಣ ಧಾರೆ. ಮುಗೀತು ಅಂತ ಬಂದು ಮಲಗಿದರೆ ಮತ್ತೆ ಅವಸರ. ವಯಸ್ಸಾಯ್ತಲ್ಲ ಅಂತ ದಿನ ತಳ್ಳಿದರು. ಕೊನೆಗೆ ಮಗ ಗಲಾಟೆ ಮಾಡಿ ಯೂರಾಲಜಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಏಳು ಪ್ರಶ್ನೆಯ ಒಂದು ಹಾಳೆ ತುಂಬಿಸಿದರು. ಒಟ್ಟು 35ಕ್ಕೆ ಗೌಡರದ್ದು 22. ಇಪ್ಪತ್ತು ದಾಟಿದರೆ ತೀವ್ರ ಅಂತ ಲೆಕ್ಕ. ಸ್ಕ್ಯಾನ್‌ನಲ್ಲಿ ಪ್ರಾಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ, 54 ಗ್ರಾಂ. ಹರೆಯದಲ್ಲಿ ಅದು 20 ಗ್ರಾಂ ಆಸುಪಾಸು ಇರುತ್ತದೆ. ಒಂದಕ್ಕೆ ಹೋಗಿ ಬಂದ ಮೇಲೂ ಮೂತ್ರಕೋಶದಲ್ಲಿ 110 ಎಂ.ಎಲ್. ಉಳಿದಿತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನಕ್ಕೆ ಮಾಡಿಸುವ ಪಿ.ಎಸ್.ಎ. ರಕ್ತ ಪರೀಕ್ಷೆ 2.8 ಬಂತು, ಗಾಬರಿಯೇನಿಲ್ಲ ಅಂದರು. ಬರೆದುಕೊಟ್ಟಿದ್ದು ಒಂದೇ ಔಷಧಿ: ಟಾಮ್ಸುಲೋಸಿನ್ 0.4 ಎಂ.ಜಿ., ದಿನಕ್ಕೊಂದು, ರಾತ್ರಿ ಊಟ ಆದ ಮೇಲೆ.

ಆ ಚೀಟಿ ಹಿಡಿದು ನನ್ನ ಅಂಗಡಿಗೇ ಬಂದರು. ಸಂಕ್ರಾಂತಿ ಹಿಂದಿನ ವಾರ, ಎಳ್ಳು ಬೆಲ್ಲದ ಗದ್ದಲ. ಕವರ್ ಮೇಲೆ ‘ರಾತ್ರಿ’ ಅಂತ ಬರೆದು ಕೊಟ್ಟೆ. ‘ಊಟ ಆದ ಮೇಲೆ’ ಅಂತ ಬರೆದೆನಾ? ನೆನಪಿಲ್ಲ. ಯಾಕೆ ಅಂತ ಬಾಯಿ ಬಿಟ್ಟು ಹೇಳಲಿಲ್ಲ ಅನ್ನುವುದು ಮಾತ್ರ ಚೆನ್ನಾಗಿ ನೆನಪಿದೆ.

ಗೌಡರು ಮನೆಗೆ ಹೋಗಿ ಅದನ್ನು ಬೆಳಿಗ್ಗೆಗೆ ಬದಲಾಯಿಸಿಕೊಂಡರು. ಅವರ ಲೆಕ್ಕ ಸರಳ. ಬಿ.ಪಿ. ಮಾತ್ರೆಯನ್ನು ಹೇಗೂ ಬೆಳಿಗ್ಗೆ 5 ಗಂಟೆಗೆ ಕಾಫಿ ಜೊತೆ ನುಂಗುತ್ತಾರೆ. ಮೂರನ್ನೂ ಒಟ್ಟಿಗೆ ನುಂಗಿದರೆ ಮರೆಯುವ ಮಾತಿಲ್ಲ. ಆಮೇಲೆ ಗದ್ದೆಗೆ ಹೋದರೆ ತಿಂಡಿಗೆ ಬರುವುದು ಹತ್ತಕ್ಕೆ.

ಮಾತ್ರೆ ಕೆಲಸ ಮಾಡಿತು, ಅದರಲ್ಲಿ ಅನುಮಾನವಿಲ್ಲ. ಒಂದು ವಾರದಲ್ಲಿ ರಾತ್ರಿ ಏಳುವುದು ಎರಡು ಸಲಕ್ಕೆ ಇಳಿಯಿತು. ಧಾರೆ ಸುಧಾರಿಸಿತು. ಇದರ ಜೊತೆಗೇ ಎರಡು ಹೊಸ ತೊಂದರೆ ಬಂದವು. ಒಂದು, ಕೂತು ಎದ್ದರೆ ಕಣ್ಣು ಕತ್ತಲೆ. ಹಿತ್ತಿಲ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂತು ಎದ್ದರಂತೂ ಗೋಡೆ ಹಿಡಿಯಬೇಕು. ಇನ್ನೊಂದು, ಮೂಗು ಕಟ್ಟುವುದು. ಮಾಗಿ ಚಳಿ, ಇಬ್ಬನಿಯಲ್ಲಿ ಓಡಾಟ, ಮೂಗು ಕಟ್ಟಿದರೆ ಯಾರಾದರೂ ಶೀತ ಅಂತಲೇ ಅಂದುಕೊಳ್ಳುತ್ತಾರೆ. ಗೌಡರೂ ಹಾಗೇ ಅಂದುಕೊಂಡರು. ಒಂದು ಶನಿವಾರ ಅಂಗಡಿಗೆ ಬಂದು ಶೀತದ ಮಾತ್ರೆ ಕೇಳಿದರು. ನಾನು ಸ್ಟಾಕ್ ತರಲು ಹೋಗಿದ್ದೆ. ಹುಡುಗ ಒಂದು ಸ್ಟ್ರಿಪ್ ಕೊಟ್ಟು ಕಳಿಸಿದ. ನಾನಿದ್ದಿದ್ದರೆ ಕೊಡುತ್ತಿರಲಿಲ್ಲ ಅಂತ ಹೇಳಿಕೊಳ್ಳಲು ಆಸೆ. ನಿಜ ಹೇಳಬೇಕೆಂದರೆ ಆ ಗದ್ದಲದಲ್ಲಿ ನಾನೂ ಕೊಟ್ಟಿರುತ್ತಿದ್ದೆ.

ಮೂರು ದಿನ ಕಳೆಯಿತು. ನಾಲೆಯಲ್ಲಿ ಕಟ್ಟು ನೀರು ಬಿಟ್ಟಿದ್ದರು, ಅವತ್ತು ಅವರ ಸರದಿ. ಬೆಳಿಗ್ಗೆ 9ರ ಹೊತ್ತಿಗೆ ಬಗ್ಗಿ ಮಡೆ ಕಟ್ಟುತ್ತಿದ್ದವರು ಸಟಕ್ಕನೆ ಎದ್ದು ನಿಂತರು. ಆಮೇಲೆ ನೆನಪಿರುವುದು ಮೈ ತುಂಬ ಕೆಸರು, ಹಣೆಯ ಮೇಲೆ ಕಬ್ಬಿನ ಸೋಗೆ ಕೊಯ್ದ ಗೀರು. ಪಕ್ಕದ ಗದ್ದೆಯವರು ಎತ್ತಿ ಕೂರಿಸಿದರು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ.

ಅವತ್ತೇ ಪ್ರಾಸ್ಟೇಟ್ ಮಾತ್ರೆ ನಿಲ್ಲಿಸಿದರು. ಡಾಕ್ಟರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಶೀತದ ಮಾತ್ರೆ ಮಾತ್ರ ಮುಂದುವರಿಸಿದರು. ಅದು ನುಂಗಿದರೆ ಒಳ್ಳೆ ನಿದ್ದೆ ಬರುತ್ತಿತ್ತಂತೆ. ಮೂರನೇ ರಾತ್ರಿ ಒಂದಕ್ಕೆ ಪೂರ್ತಿ ಕಟ್ಟಿತು. ಹನಿಯೂ ಇಲ್ಲ. ಹೊಟ್ಟೆಯ ಕೆಳಗೆ ತೆಂಗಿನಕಾಯಿ ಇಟ್ಟ ಹಾಗೆ ಉಬ್ಬಿತ್ತು ಅಂತ ಅವರ ಹೆಂಡತಿ ಹೇಳಿದರು. ರಾತ್ರಿ ಎರಡು ಗಂಟೆಗೆ ಊರಿನವರ ಆಟೋದಲ್ಲಿ ಆಸ್ಪತ್ರೆಗೆ ಕರೆತಂದರು. ಮೂತ್ರದ ದಾರಿಗೆ ಕ್ಯಾಥೆಟರ್ ನಳಿಕೆ ಹಾಕಿದ ಕೂಡಲೇ 900 ಎಂ.ಎಲ್. ಬಂತು.

ಮಾರನೇ ದಿನ ಮಧ್ಯಾಹ್ನ ಆ ತಾಯಿ ನನ್ನ ಅಂಗಡಿಗೆ ಬಂದರು. ಜೊತೆಗೆ ಮಗ. ಕೈಯಲ್ಲಿ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರ ತುಂಬ ಮನೆಯಲ್ಲಿದ್ದ ಎಲ್ಲ ಮಾತ್ರೆ. ಕೌಂಟರ್ ಮೇಲೆ ಸುರಿದು, "ಅಣ್ಣ, ಇದ್ರಲ್ಲಿ ಯಾವ್ದು ನಮ್ಮೆಜಮಾನ್ರ ಹಿಂಗ್ ಮಾಡ್ತು, ವಸಿ ನೋಡಿ" ಅಂದರು.

ನಾನು ಒಂದೊಂದಾಗಿ ಪಕ್ಕಕ್ಕಿಟ್ಟೆ. ಬಿ.ಪಿ. ಮಾತ್ರೆ ಎರಡು. ಟಾಮ್ಸುಲೋಸಿನ್ ಸ್ಟ್ರಿಪ್, ನಾಲ್ಕು ಉಳಿದಿದ್ದವು. ಮಂಡಿನೋವಿನ ಒಂದು ಮುಲಾಮು. ಯಾವ ಕಾಲದ್ದೋ ಕೆಮ್ಮಿನ ಸಿರಪ್. ಕೊನೆಗೆ ಶೀತದ ಸ್ಟ್ರಿಪ್ ಕೈಗೆ ಬಂತು. ಹತ್ತರಲ್ಲಿ ಒಂದೇ ಒಂದು ಉಳಿದಿತ್ತು. ಹಿಂದೆ ತಿರುಗಿಸಿದೆ: ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್. ಸ್ಟ್ರಿಪ್ ಮೇಲೆ ನಮ್ಮ ಹುಡುಗ ಪೆನ್ನಲ್ಲಿ ಬರೆದ 1-0-1. ಕೈಬರಹ ಗುರುತು ಸಿಕ್ಕಿದ ಮೇಲೆ ಒಂದು ನಿಮಿಷ ನನಗೆ ಮಾತು ಹೊರಡಲಿಲ್ಲ.

ಏನಾಯಿತು ಅನ್ನುವುದು ಅರ್ಥವಾಗಬೇಕಾದರೆ ಈ ಮಾತ್ರೆಗಳು ಮೈಯಲ್ಲಿ ಏನು ಮಾಡುತ್ತವೆ ಅಂತ ಸ್ವಲ್ಪ ನೋಡಬೇಕು. ಟಾಮ್ಸುಲೋಸಿನ್ ಪ್ರಾಸ್ಟೇಟ್ ಗಾತ್ರವನ್ನು ಕರಗಿಸಲ್ಲ. ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಕತ್ತಿನ ಸ್ನಾಯುಗಳು ಬಿಗಿ ಹಿಡಿದಿರುತ್ತವಲ್ಲ, ಅವನ್ನು ಸಡಿಲ ಮಾಡುತ್ತದೆ ಅಷ್ಟೇ. ಹಾಗೆ ಬಿಗಿ ಹಿಡಿಸುವ ಅದೇ ಬಗೆಯ ವ್ಯವಸ್ಥೆ ರಕ್ತನಾಳದಲ್ಲೂ ಇದೆ, ಮೂಗಿನೊಳಗೂ ಇದೆ, ಕಣ್ಣಿನ ಪಾಪೆಯಲ್ಲೂ ಇದೆ. ಮೇಲಿನ ತೂಬು ಎತ್ತಿದರೆ ನಿಮ್ಮ ಗದ್ದೆಗೊಂದಕ್ಕೇ ನೀರು ಬರುತ್ತಾ? ಅಕ್ಕಪಕ್ಕದ ಗದ್ದೆಗೂ ವಸಿ ಹೋಗೇ ಹೋಗುತ್ತದೆ. ರಕ್ತನಾಳ ಸಡಿಲವಾದರೆ ಎದ್ದು ನಿಂತಾಗ ಬಿ.ಪಿ. ಇಳಿಯುತ್ತದೆ. ಮೂಗಿನ ರಕ್ತನಾಳ ಹಿಗ್ಗಿದರೆ ಮೂಗು ಕಟ್ಟುತ್ತದೆ. ಗೌಡರಿಗೆ ಶೀತ ಇರಲೇ ಇಲ್ಲ. ಅದು ಮಾತ್ರೆಯ ಅಡ್ಡಪರಿಣಾಮ.

ಶೀತದ ಮಾತ್ರೆಯದ್ದು ಇದಕ್ಕೆ ಉಲ್ಟಾ ಕೆಲಸ. ಫಿನೈಲೆಫ್ರಿನ್ ಮೂಗಿನ ರಕ್ತನಾಳ ಬಿಗಿ ಮಾಡುತ್ತದೆ, ಜೊತೆಗೆ ಮೂತ್ರಕೋಶದ ಕತ್ತನ್ನೂ ಬಿಗಿ ಮಾಡುತ್ತದೆ. ಕ್ಲೋರ್‌ಫೆನಿರಮಿನ್ ಮೂತ್ರಕೋಶ ಹಿಂಡುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಮೇಲಾಗಿ ತೂಕಡಿಕೆ ಬೇರೆ, ತಲೆಸುತ್ತಿಗೆ ಅದೂ ಒಂದು ಕೈ ಸೇರಿಸಿರಬೇಕು. ಅಷ್ಟರಲ್ಲಿ ಬಾಗಿಲು ತೆರೆದಿಟ್ಟಿದ್ದ ಟಾಮ್ಸುಲೋಸಿನ್ನೂ ನಿಂತುಹೋಗಿತ್ತು. ಮೂತ್ರ ಕಟ್ಟದೆ ಇನ್ನೇನಾಗುತ್ತದೆ? ಪ್ರಾಸ್ಟೇಟ್ ದಪ್ಪ ಇರುವವರಿಗೆ ಶೀತದ ಮಾತ್ರೆಯೊಂದೇ ಅಲ್ಲ, ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೋಮಿನ್, ನರದ ನೋವಿಗೂ ನಿದ್ದೆಗೂ ಬರೆಯುವ ಆಮಿಟ್ರಿಪ್ಟಿಲಿನ್ ಕೂಡ ಇದೇ ತೊಂದರೆ ಕೊಡಬಹುದು.

ಇನ್ನು ಬೆಳಿಗ್ಗೆಯ ಖಾಲಿ ಹೊಟ್ಟೆಯ ವಿಷಯ. ಟಾಮ್ಸುಲೋಸಿನ್ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿರುವ ಔಷಧಿ. ಅಗಿಯಬಾರದು, ಕ್ಯಾಪ್ಸೂಲ್ ಬಿಚ್ಚಬಾರದು. ಊಟದ ನಂತರ ನುಂಗಿದರೆ ರಕ್ತದಲ್ಲಿ ಮೆಲ್ಲಗೆ ಏರಿ 6-7 ಗಂಟೆಗೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಖಾಲಿ ಹೊಟ್ಟೆಯಲ್ಲಾದರೆ 4-5 ಗಂಟೆಗೇ ಮುಟ್ಟುತ್ತದೆ. ಆ ಗರಿಷ್ಠ ಮಟ್ಟವೂ 40ರಿಂದ 70 ಪರ್ಸೆಂಟ್ ಜಾಸ್ತಿ ಇರುತ್ತದೆ. ಗೌಡರು ನುಂಗಿದ್ದು 5ಕ್ಕೆ, ಬಿದ್ದದ್ದು 9ಕ್ಕೆ. ಜೊತೆಗೆ ಎರಡು ಬಿ.ಪಿ. ಮಾತ್ರೆ, ಹೊಟ್ಟೆಯಲ್ಲಿ ಬರೀ ಕಾಫಿ. ನಾನು ಬಾಯಿ ಬಿಟ್ಟು ಹೇಳದೆ ಬಿಟ್ಟ ಕಾರಣದ ಬೆಲೆ ಇಷ್ಟು.

ಮಗನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಶೀತದ ಮಾತ್ರೆ ನಮ್ಮ ಅಂಗಡಿಯಿಂದಲೇ ಹೋಗಿದ್ದು ಅಂತಲೂ ಹೇಳಿದೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. "ಸರಿ ಬುಡಿ ಅಣ್ಣ, ಈಗ ಏನ್ ಮಾಡದು ಹೇಳಿ" ಅಂದ. ಈ ಮೂರೂ ವಿಷಯವನ್ನು ಒಂದು ಹಾಳೆಯಲ್ಲಿ ಬರೆದು ಡಾಕ್ಟರಿಗೆ ತೋರಿಸಲು ಕೊಟ್ಟೆ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿದ್ದು, ಶೀತದ ಮಾತ್ರೆ, ತಾವಾಗಿ ನಿಲ್ಲಿಸಿದ್ದು.

ಯೂರಾಲಜಿ ಡಾಕ್ಟರು ಟಾಮ್ಸುಲೋಸಿನ್ ಮತ್ತೆ ಶುರು ಮಾಡಿಸಿದರು. ತಲೆಸುತ್ತಿಸಿದ ಮಾತ್ರೆಯನ್ನೇ ಮತ್ತೆ ಕೊಡುವುದಾ ಅಂತ ಆ ತಾಯಿಗೆ ಸಿಟ್ಟು. ಆದರೆ ಕ್ಯಾಥೆಟರ್ ತೆಗೆಯುವ ಮುಂಚೆ ಈ ಗುಂಪಿನ ಮಾತ್ರೆ ಕೊಡುವುದು ವಾಡಿಕೆ. ಕೊಟ್ಟರೆ ತೆಗೆದ ಮೇಲೆ ತಾನಾಗಿ ಮೂತ್ರ ಹೋಗುವ ಸಾಧ್ಯತೆ ಜಾಸ್ತಿ. ಮೂರನೇ ದಿನ ತೆಗೆದರು, ಹೋಯಿತು.

ಅದಕ್ಕೂ ಒಂದು ದಿನ ಮುಂಚೆ ಗೌಡರು ಅಂಗಡಿಗೆ ಬಂದಿದ್ದರು. ಮೂತ್ರದ ಚೀಲವನ್ನು ಪಂಚೆಯ ಮರೆಯಲ್ಲಿ ಹಿಡಿದುಕೊಂಡು, ಯಾರಿಗೂ ಕಾಣಬಾರದು ಅಂತ ಗೋಡೆ ಕಡೆ ವಾಲಿಕೊಂಡು ನಿಂತರು. ಒಳಗೆ ಸ್ಟೂಲ್ ಮೇಲೆ ಕೂರಿಸಿ ಬಿ.ಪಿ. ನೋಡಿದೆ: 122/76. ಚೆನ್ನಾಗೇ ಇದೆ ಅಲ್ವಾ? ನಿಲ್ಲಿಸಿ ಒಂದು ನಿಮಿಷ ಬಿಟ್ಟು ಮತ್ತೆ ನೋಡಿದೆ: 98/64. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇವರಿಗೆ ಎರಡೂ ಇಳಿದಿತ್ತು. ಏಳು ವರ್ಷದಲ್ಲಿ ಇವರ ಬಿ.ಪಿ.ಯನ್ನು ಎಷ್ಟೋ ಸಲ ನೋಡಿದ್ದೇವೆ, ಎಲ್ಲ ಸಲವೂ ಕೂರಿಸಿಯೇ. ಎರಡೂ ಅಂಕಿ ಬರೆದು ಬಿ.ಪಿ. ಡಾಕ್ಟರ ಹತ್ತಿರ ಕಳಿಸಿದೆ. ಅವರು ಆಮ್ಲೋಡಿಪಿನ್ ನಿಲ್ಲಿಸಿ ಟೆಲ್ಮಿಸಾರ್ಟಾನ್ ಒಂದನ್ನೇ ಇಟ್ಟರು. ಇದು ಅವರು ಇವರಿಗೆ ಅಂತ ಮಾಡಿದ ತೀರ್ಮಾನ. ಓದುವವರು ತಮ್ಮ ಬಿ.ಪಿ. ಮಾತ್ರೆಯನ್ನು ತಾವೇ ಬಿಟ್ಟುಬಿಡಬೇಡಿ.

ಟಾಮ್ಸುಲೋಸಿನ್ ಈಗ ರಾತ್ರಿ ಎಂಟೂವರೆಗೆ, ಮುದ್ದೆ ಉಂಡು ಅರ್ಧ ಗಂಟೆ ಬಿಟ್ಟು. ಇದರಲ್ಲೂ ಒಂದು ಎಡವಟ್ಟಿದೆ. ರಾತ್ರಿ ನುಂಗಿದ್ದು ಬೆಳಗಿನ ಜಾವ ಮೂರರ ಹೊತ್ತಿಗೆ ಜೋರಾಗಿರುತ್ತದೆ. ಗೌಡರು ಒಂದಕ್ಕೆ ಏಳುವುದೂ ಅದೇ ಹೊತ್ತಿಗೆ. ಹಗಲಿನ ಅಪಾಯವನ್ನು ರಾತ್ರಿಗೆ ತಳ್ಳಿದ ಹಾಗಾಯಿತು. ಅದಕ್ಕೇ ಏಳುವ ಕ್ರಮವನ್ನು ಹೇಳಿಕೊಟ್ಟೆ. ಎಚ್ಚರವಾದ ಕೂಡಲೇ ಏಳಬಾರದು. ಮಂಚದ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂರಬೇಕು, ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಬೇಕು, ಆಮೇಲೆ ಗೋಡೆ ಹಿಡಿದು ನಿಲ್ಲಬೇಕು. ರಾತ್ರಿ ಹೊತ್ತು ಹಿತ್ತಿಲಿಗೆ ಹೋಗುವುದು ಬೇಡ, ಕೋಣೆಯಲ್ಲೇ ಒಂದು ಡಬ್ಬ, ಕೂತೇ ಮಾಡಬೇಕು. ಸಣ್ಣ ಬಲ್ಬ್ ಉರಿಯುತ್ತಿರಲಿ. ಹಗಲು ನೀರು ಕಡಿಮೆ ಮಾಡಬಾರದು. ಮೈಯಲ್ಲಿ ನೀರು ಕಮ್ಮಿಯಾದರೆ ಬಿ.ಪಿ. ಇನ್ನೂ ಇಳಿಯುತ್ತದೆ. ಸಂಜೆ ಆರರ ಮೇಲೆ ಮಾತ್ರ ಕಡಿಮೆ, ಸಂಜೆ ಕಾಫಿ ಬಂದ್. ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಮತ್ತು ಬಿಸಿ ಹಬೆ, ಮಾತ್ರೆ ಬೇಡ. ಕಾಫಿ ಬಿಡುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ತಕರಾರು ಬರಲಿಲ್ಲ.

ಗ್ರಂಥಿ ದೊಡ್ಡದಿದ್ದು ಒಂದು ಸಲ ಕಟ್ಟಿಯೂ ಇದ್ದುದರಿಂದ ಡಾಕ್ಟರು ಡ್ಯುಟಾಸ್ಟರೈಡ್ 0.5 ಎಂ.ಜಿ. ಕೂಡ ಸೇರಿಸಿದರು. ಇದು ಗಾತ್ರವನ್ನೇ ಕುಗ್ಗಿಸುವ ಔಷಧಿ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಕೆಲವರಿಗೆ ಕಾಮಾಸಕ್ತಿ ಕುಗ್ಗುತ್ತದೆ, ಕೆಲವರಿಗೆ ಎದೆ ನೋವು ಬಂದು ಉಬ್ಬುತ್ತದೆ. ಎದೆ ನೋವೆಂದರೆ ಹೃದಯದ್ದಲ್ಲ, ಮೊಲೆಯ ಭಾಗದ್ದು. ಇದನ್ನು ಕೊಡುವಾಗ ಈ ಸಲ ನಾನು ಒಂದು ಪ್ರಶ್ನೆ ಕೇಳಿದೆ: "ಮಾತ್ರೆ ಎತ್ತಿಕೊಡೋದು ಯಾರು?" ಮಗಳು ಅಂದರು. ಐದು ತಿಂಗಳ ಬಸುರಿ, ತವರಿಗೆ ಬಂದಿದ್ದಾಳೆ. ಈ ಔಷಧಿ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಹೊಟ್ಟೆಯಲ್ಲಿ ಗಂಡು ಮಗುವಿದ್ದರೆ ಅದರ ಜನನಾಂಗದ ಬೆಳವಣಿಗೆಗೆ ತೊಂದರೆಯಾಗಬಹುದು. ಒಡೆದ, ಸೋರುವ ಕ್ಯಾಪ್ಸೂಲನ್ನು ಬಸುರಿಯರು ಮುಟ್ಟಲೇಬಾರದು. ಆ ಡಬ್ಬಿ ಅವತ್ತೇ ಗೌಡರ ಟ್ರಂಕಿಗೆ ಹೋಯಿತು. ಇದನ್ನು ನುಂಗುವವರು ನಿಲ್ಲಿಸಿ ಆರು ತಿಂಗಳಾಗುವ ತನಕ ರಕ್ತದಾನ ಮಾಡಬಾರದು ಅನ್ನುವುದಕ್ಕೂ ಇದೇ ಕಾರಣ. ಆ ರಕ್ತ ಯಾವ ಬಸುರಿಗೆ ಹೋಗುತ್ತದೋ ಯಾರಿಗೆ ಗೊತ್ತು.

ಆರು ತಿಂಗಳು ಸುದ್ದಿಯಿಲ್ಲದೆ ಕಳೆಯಿತು. ಜುಲೈನಲ್ಲಿ ಒಂದು ಸಂಜೆ ಗೌಡರು ಬಂದು ಕೌಂಟರ್ ಮೂಲೆಯಲ್ಲಿ ನಿಂತರು. ಓ.ಆರ್.ಎಸ್. ತೆಗೆದುಕೊಳ್ಳುತ್ತಿದ್ದ ಹೆಂಗಸು ಹೋಗುವ ತನಕ ಕಾದರು. ಆಮೇಲೆ ಮೆಲ್ಲಗೆ, "ಸಾ, ಕೂರಿಗೆ ಏನೋ ಚೆನ್ನಾಗೇ ಓಯ್ತದೆ. ಬೀಜ ಮಾತ್ರ ಬೀಳಾಕಿಲ್ಲ" ಅಂದರು.

ರಾಗಿ ಬಿತ್ತನೆಯ ಕಾಲ. ನಾನು ಸುಮ್ನೆ, "ಕೊಳವೆ ಕಟ್ಟಿರಬೇಕು ನೋಡಿ ಗೌಡ್ರೇ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಆ ಕೂರಿಗೆ ಅಲ್ಲ ಕನ ಸಾ."

ಅರ್ಥವಾಗಲು ನನಗೆ ಎರಡು ಕ್ಷಣ ಬೇಕಾಯಿತು. ಟಾಮ್ಸುಲೋಸಿನ್ ನುಂಗುವ ಕೆಲವರಿಗೆ ಹೀಗಾಗುತ್ತದೆ. ಸುಖಕ್ಕೆ ಕೊರತೆಯಿಲ್ಲ, ವೀರ್ಯ ಮಾತ್ರ ಹೊರಗೆ ಬರಲ್ಲ ಅಥವಾ ತೀರಾ ಕಡಿಮೆ ಬರುತ್ತದೆ. ಕೆಲವರಲ್ಲಿ ಅದು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗಿ ಆಮೇಲೆ ಮೂತ್ರದ ಜೊತೆ ಬರುತ್ತದೆ. ಡ್ಯುಟಾಸ್ಟರೈಡ್ ಕೂಡ ಪ್ರಮಾಣವನ್ನು ತಗ್ಗಿಸುತ್ತದೆ. ಗೌಡರಿಗೆ ಇದು ಶುರುವಾಗಿ ನಾಲ್ಕು ತಿಂಗಳಾಗಿತ್ತಂತೆ. ಒಳಗೇ ಉಳಿದು ಕೊಳೆತರೆ ಗತಿಯೇನು ಅಂತ ಹೆದರಿದ್ದರು. ಊರಲ್ಲಿ ಯಾರೋ "ಆ ನೀಲಿ ಮಾತ್ರೆ ತಕ್ಕೊ" ಅಂದಿದ್ದರಂತೆ, ಅದನ್ನು ಕೇಳಲಿಕ್ಕೇ ಬಂದಿದ್ದು.

ನೀಲಿ ಮಾತ್ರೆ, ಅಂದರೆ ವಯಾಗ್ರಾ, ಕೊಡಲಿಲ್ಲ. ಅದು ಈ ತೊಂದರೆಗೆ ಮದ್ದೇ ಅಲ್ಲ. ಟಾಮ್ಸುಲೋಸಿನ್ ಜೊತೆ ಸೇರಿದರೆ ಬಿ.ಪಿ. ಮತ್ತೆ ಇಳಿಯುತ್ತದೆ, ಮತ್ತೆ ಕಬ್ಬಿನ ಗದ್ದೆಯಲ್ಲಿ ಬೀಳುವ ಕಥೆ. ಒಳಗೆ ಏನೂ ಕೊಳೆಯಲ್ಲ, ಮೈಗೆ ಹಾನಿಯಿಲ್ಲ, ಟಾಮ್ಸುಲೋಸಿನ್‌ನಿಂದ ಆಗಿದ್ದು ಅದನ್ನು ನಿಲ್ಲಿಸಿದರೆ ಮೊದಲಿನ ಹಾಗಾಗುತ್ತದೆ ಅಂದೆ. ಮಕ್ಕಳು ಬೇಕು ಅನ್ನುವವರಿಗೆ ಮಾತ್ರ ಇದು ದೊಡ್ಡ ವಿಷಯ. ತೀರಾ ಕಸಿವಿಸಿಯಾದರೆ ಡಾಕ್ಟರನ್ನು ಕೇಳಿ ಇದೇ ಗುಂಪಿನ ಆಲ್ಫುಜೋಸಿನ್‌ಗೆ ಬದಲಾಯಿಸಬಹುದು, ಅದರಲ್ಲಿ ಈ ತೊಂದರೆ ಕಡಿಮೆ. ಸಿಲೋಡೋಸಿನ್‌ನಲ್ಲಿ ಇನ್ನೂ ಜಾಸ್ತಿ. ನಮ್ಮ ಕಡೆ ಈ ಒಂದು ಅಡ್ಡಪರಿಣಾಮವನ್ನು ಡಾಕ್ಟರೂ ಹೇಳಲ್ಲ, ಅಂಗಡಿಯವನೂ ಹೇಳಲ್ಲ, ರೋಗಿ ಕೇಳುವುದೂ ಇಲ್ಲ. ಎಷ್ಟು ಜನ ಇದಕ್ಕೇ ಮಾತ್ರೆ ಬಿಟ್ಟು, ಬೇರೆ ನೆಪ ಹೇಳಿಕೊಂಡು ಓಡಾಡುತ್ತಿದ್ದಾರೋ.

ಮುಂದಿನ ವಾರ ಅವರ ಹೆಂಡತಿಯೇ ಮಾತ್ರೆಗೆ ಬಂದರು. ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತ, "ಇಷ್ಟಕ್ಕೆ ನಾಕು ತಿಂಗ್ಳಿಂದ ಮೊಕ ಊದುಸ್ಕೊಂಡಿದ್ರು ಕಣಣ್ಣ. ನಾನು ಏನೋ ಕೋಪ ಅನ್ಕೊಂಡಿದ್ದೆ" ಅಂದರು. ಮಾತ್ರೆ ಬದಲಾಯಿಸುವ ಮಾತು ಅಲ್ಲಿಗೆ ಮುಗಿಯಿತು.

ಅದೇ ತಿಂಗಳು ಪಿ.ಎಸ್.ಎ. ಮತ್ತೆ ಮಾಡಿಸಿದರು, 1.5 ಬಂತು. ಅರ್ಧ ಇಳಿದಿದೆ ಅಂತ ಮಗನಿಗೆ ಖುಷಿ. ಡಾಕ್ಟರು ಎರಡರಿಂದ ಗುಣಿಸಿ ಓದಿ ಅಂದರು. ಡ್ಯುಟಾಸ್ಟರೈಡ್ ಆರು ತಿಂಗಳಲ್ಲಿ ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ನಿಜಕ್ಕೂ ಅದು 3, ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಇಲ್ಲಿಂದ ಮೇಲೇರಲು ಶುರುವಾದರೆ, ನಾರ್ಮಲ್ ಒಳಗೇ ಇದ್ದರೂ, ಕ್ಯಾನ್ಸರ್ ಇದೆಯಾ ಅಂತ ನೋಡಬೇಕಾಗುತ್ತದೆ. ಹಾಗಾಗಿ ಬೇರೆ ಯಾವ ಡಾಕ್ಟರು ಪಿ.ಎಸ್.ಎ. ನೋಡಿದರೂ ಈ ಮಾತ್ರೆಯ ಹೆಸರು ಹೇಳಲೇಬೇಕು.

ಈಗ ಅವರ ಬಲಗಣ್ಣಿಗೆ ಪೊರೆ ಬಂದಿದೆ, ದಸರಾ ಕಳೆದ ಮೇಲೆ ಆಪರೇಷನ್. ಟಾಮ್ಸುಲೋಸಿನ್ ನುಂಗುವವರಲ್ಲಿ ಪೊರೆ ತೆಗೆಯುವಾಗ ಪಾಪೆಯ ಸುತ್ತಲಿನ ಪರದೆ ಸಡಿಲವಾಗಿ ಅಲುಗಾಡುತ್ತದೆ, ಆಪರೇಷನ್ ನಡುವೆಯೇ ಪಾಪೆ ಕುಗ್ಗಿಬಿಡುತ್ತದೆ ಅಂತ 2005ರಲ್ಲಿ ಕಣ್ಣಿನ ಡಾಕ್ಟರುಗಳು ಮೊದಲು ವರದಿ ಮಾಡಿದರು. ಹಿಂದೆ ನುಂಗಿ ಬಿಟ್ಟವರಲ್ಲೂ ಹೀಗಾಗಬಹುದು, ಆದ್ದರಿಂದ ಆಪರೇಷನ್‌ಗೆ ನಾಲ್ಕು ದಿನ ಮುಂಚೆ ನಿಲ್ಲಿಸಿದರೆ ಸಾಕು ಅಂತ ನಂಬಿ ಕೂರುವಂತಿಲ್ಲ. ಮೊದಲೇ ಗೊತ್ತಿದ್ದರೆ ಸರ್ಜನ್ ಅದಕ್ಕೆ ತಯಾರಾಗುತ್ತಾರೆ. ಒಂದು ಚೀಟಿಯಲ್ಲಿ ಮಾತ್ರೆಯ ಹೆಸರು, ಶುರು ಮಾಡಿದ ತಿಂಗಳು ಬರೆದು ಕೊಟ್ಟಿದ್ದೇನೆ. ಅಂಗಿ ಜೇಬಿನಲ್ಲಿ ಬೀಡಿ ಇಡುತ್ತಿದ್ದ ಜಾಗದಲ್ಲಿ ಅದನ್ನು ಇಟ್ಟುಕೊಂಡಿದ್ದಾರೆ.

ಅಂಗಡಿಯಲ್ಲಿ ಆದ ಬದಲಾವಣೆ ಒಂದೇ. ಐವತ್ತು ದಾಟಿದ ಗಂಡಸರು ಶೀತದ ಮಾತ್ರೆ ಕೇಳಿದರೆ ಒಂದು ಪ್ರಶ್ನೆ ಕೇಳದೆ ಕೊಡಬಾರದು ಅಂತ ಹುಡುಗನಿಗೆ ಹೇಳಿದ್ದೇನೆ. ಮೊನ್ನೆ ಒಬ್ಬ ಯಜಮಾನರು ಮಫ್ಲರ್ ಸುತ್ತಿಕೊಂಡು ಬಂದರು. ಹುಡುಗ ತಲೆ ತಗ್ಗಿಸಿಕೊಂಡೇ ಕೇಳಿದ, "ಯಜಮಾನ್ರೇ, ಒಂದಕ್ಕೆ ಸಲೀಸಾಗಿ ಹೋಗುತ್ತಾ?"

"ಮೂಗು ಕಟ್ಟದೆ ಅಂದ್ರೆ ಅದ್ಯಾಕ್ಲಾ ಬೇಕು ನಿಂಗೆ?" ಅಂತ ಅವರು ಗದರಿದರು. ಎದುರು ಅಂಗಡಿಗೆ ಹೋಗುವವರ ಹಾಗೆ ಎರಡು ಹೆಜ್ಜೆ ಇಟ್ಟರು. ಅಲ್ಲೇ ನಿಂತರು. ಆಮೇಲೆ ಹಿಂದಕ್ಕೆ ಬಂದು, ದನಿ ತಗ್ಗಿಸಿ, "ಯಾಕೆ ಕೇಳ್ದೆ?" ಅಂದರು.